ಗೇರ್ ಬದಲಿಸುವ ಗಾಳಿ

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಹಿಡಿಕೆಯನ್ನು ಕೆಳಗೆ ತಳ್ಳಿ ನೋಡಿದ್ದೀರಾ? ಮೊದಮೊದಲು ಸಲೀಸಾಗಿ ಇಳಿಯುತ್ತದೆ, ಆಮೇಲೆ ಮೊಂಡು ಹಿಡಿಯುತ್ತದೆ. ಕೈ ಬಿಟ್ಟರೆ ತಾನೇ ಮೇಲಕ್ಕೆ ಪುಟಿಯುತ್ತದೆ. ಒಳಗಿರುವ ಗಾಳಿಗೆ ಇಕ್ಕಟ್ಟು ಸೇರದು. ದಾರಿ ಸಿಕ್ಕರೆ ಸಾಕು, ಎದುರಿಗಿದ್ದದ್ದನ್ನು ನೂಕಿಕೊಂಡು ಹೊರಡುತ್ತದೆ. ಬಸ್ಸಿನ ಡ್ರೈವರ್ ಬ್ರೇಕ್ ಬಿಟ್ಟಾಗ ‘ಟುಸ್ಸ್’ ಎನ್ನುವುದೂ ಇಂಥ ಗಾಳಿಯೇ, ಕೆಲಸ ಮುಗಿಸಿ ಮನೆಗೆ ಹೊರಟದ್ದು.

ಕೆಲವು ರೇಸ್ ಕಾರುಗಳಲ್ಲಿ ಈ ಗಾಳಿ ಗೇರ್ ಬದಲಿಸುತ್ತದೆ.

ಮಾಮೂಲಿ ಕಾರಿನಲ್ಲಿ ಗೇರ್ ಹಾಕಲು ಒಂದು ಕೈ ಸ್ಟೀರಿಂಗ್ ಬಿಡಬೇಕು. ರೇಸಿನ ತಿರುವಿಗೆ ನುಗ್ಗುವವರಿಗೆ ಎರಡು ಕೈಯೂ ಸಾಲದು! ಅದಕ್ಕೇ ಸ್ಟೀರಿಂಗಿನ ಹಿಂದೆ ಎರಡು ಪುಟ್ಟ ಪ್ಯಾಡಲ್. ಬಲಗಡೆಯದನ್ನು ಬೆರಳಿನಿಂದ ಎಳೆದರೆ ಮೇಲಿನ ಗೇರ್, ಎಡಗಡೆಯದಕ್ಕೆ ಕೆಳಗಿನದು. 1989ರ ಬ್ರೆಜಿಲ್ ಗ್ರ್ಯಾಂಡ್ ಪ್ರಿಯಲ್ಲಿ ನೈಜೆಲ್ ಮ್ಯಾನ್ಸೆಲ್ ಗೆದ್ದ ಫೆರಾರಿಯಲ್ಲಿ ಪ್ಯಾಡಲ್ ಇತ್ತು. ಅಲ್ಲಿ ಗೇರ್ ನೂಕುತ್ತಿದ್ದದ್ದು ಗಾಳಿಯಲ್ಲ, ಎಣ್ಣೆ. ಸಣ್ಣ ತಂಡಗಳಿಗೆ ಗಾಳಿಯೇ ಹಗುರ. ಕೆಲಸವಾದ ಮೇಲೆ ಹೊರಗೆ ಬಿಟ್ಟರಾಯಿತು. ಎಣ್ಣೆಯನ್ನು ಹಾಗೆ ಚೆಲ್ಲಲಾದೀತೆ?

ಬ್ಯಾಟರಿಯಿಂದ ಓಡುವ ಚಿಕ್ಕ ಕಂಪ್ರೆಸರ್ ಒಂದು ಟ್ಯಾಂಕಿಗೆ ಗಾಳಿ ತುಂಬುತ್ತದೆ. ಒತ್ತಡ ಸುಮಾರು 6 ಬಾರ್, ಮನೆಯ ಕಾರಿನ ಟೈರಿನಲ್ಲಿರುವುದರ ಹತ್ತಿರಹತ್ತಿರ ಮೂರು ಪಟ್ಟು. ಅಲ್ಲಿಂದ ಕೊಳವೆ ವಾಲ್ವಿಗೆ, ವಾಲ್ವಿನಿಂದ ಗೇರ್ ಬಾಕ್ಸಿನ ಪಕ್ಕದ ಸಿಲಿಂಡರಿಗೆ. ಈ ಸಿಲಿಂಡರ್ ಒಂದು ಉಲ್ಟಾ ಸೈಕಲ್ ಪಂಪು. ಪಂಪಿನಲ್ಲಿ ನಾವು ದಂಡ ನೂಕಿ ಗಾಳಿ ಕಳಿಸುತ್ತೇವೆ, ಇಲ್ಲಿ ಗಾಳಿ ಬಂದು ದಂಡ ನೂಕುತ್ತದೆ. ಒಳಗಿನ ಪಿಸ್ಟನ್ 25 ಮಿಲಿಮೀಟರ್ ಅಗಲ ಎನ್ನಿ, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ಕಿರಿದು. ಅದರ ಮೇಲೆ 6 ಬಾರ್ ಒತ್ತಿದರೆ ಬರುವ ಬಲ ಸುಮಾರು 30 ಕಿಲೋ ಭಾರಕ್ಕೆ ಸಮ. ನಿಮ್ಮಲ್ಲಿ ಯಾರೋ ಒಬ್ಬರು ಆ ನಾಣ್ಯದ ಮೇಲೆ ಹತ್ತಿ ನಿಂತ ಹಾಗೆ!

ಆದರೆ ಬಲವೊಂದಿದ್ದರೆ ಗೇರ್ ಬೀಳುವುದಿಲ್ಲ. ನನಗೆ ತುಂಬ ಇಷ್ಟವಾದ ಭಾಗ ಇದು. ಗೆಳೆಯನ ಬೆರಳುಗಳಿಗೆ ನಿಮ್ಮ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ, ಇಬ್ಬರೂ ಜಗ್ಗಿ. ಮೂರನೆಯವರು ಬಂದು ಬಿಡಿಸಲಿ, ನೋಡೋಣ. ಕಷ್ಟ, ಅಲ್ಲವೇ? ಈಗ ಅರೆಕ್ಷಣ ಕೈ ಸಡಿಲ ಬಿಡಿ. ಕೊಕ್ಕೆ ಸುಲಭವಾಗಿ ಕಳಚುತ್ತದೆ. ರೇಸ್ ಗೇರ್ ಬಾಕ್ಸಿನ ಹಲ್ಲುಗಳೂ ಎಂಜಿನ್ ಜಗ್ಗುವಷ್ಟು ಹೊತ್ತು ಹಾಗೆಯೇ ಕಚ್ಚಿಕೊಂಡಿರುತ್ತವೆ. ಆದ್ದರಿಂದ ಮೇಲಿನ ಗೇರಿಗೆ ಪ್ಯಾಡಲ್ ಎಳೆದ ಕೂಡಲೇ ಕಾರಿನ ಕಂಪ್ಯೂಟರ್ ಎಂಜಿನ್ನಿನ ಕಿಡಿಯನ್ನು ತಡೆಯುತ್ತದೆ. ಹಲ್ಲು ಸಡಿಲ. ವಾಲ್ವು ತೆರೆದು ಗಾಳಿ ನುಗ್ಗಿ ಗೇರ್ ಬದಲಾದ ಮೇಲೆ ಕಿಡಿ ವಾಪಸು. ಎಲ್ಲ ಸೇರಿ ಸೆಕೆಂಡಿನ ಹತ್ತನೇ ಒಂದು ಭಾಗವೂ ಹಿಡಿಯದು.

ಕೆಳಗಿನ ಗೇರಿಗೆ ಇಳಿಯುವಾಗ ಎಂಜಿನ್ ಇನ್ನೂ ಜೋರಾಗಿ ತಿರುಗಬೇಕು. ಆಗ ಕಂಪ್ಯೂಟರೇ ಒಂದು ಚಿಟಿಕೆ ಆಕ್ಸಿಲರೇಟರ್ ಕೊಡುತ್ತದೆ. ಕಾರಿನ ವೇಗ ಮಿತಿಮೀರಿದ್ದರೆ ಚಾಲಕ ಎಷ್ಟು ಎಳೆದರೂ ಮಾತು ಕೇಳದಂತೆಯೂ ಅದಕ್ಕೆ ಹೇಳಿಕೊಡಬಹುದು. ಎಂಜಿನ್ ಉಳಿಯಬೇಕಲ್ಲ!

ಇಷ್ಟೆಲ್ಲ ಜೋಡಿಸಿ, ಟ್ಯಾಂಕಿಗೆ ಗಾಳಿ ತುಂಬಿದ ಮೇಲೆ ಕೊಳವೆಯ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ನೋಡುತ್ತಾರೆ, ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿಗೆ ಅದ್ದುವ ಹಾಗೆ. ಗುಳ್ಳೆ ಎದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ಬಿಚ್ಚಿ ಮತ್ತೆ ಜೋಡಿಸಬೇಕು.