ಹಗುರ ಎಂದರೆ ಎಷ್ಟು ಹಗುರ?



ನಮ್ಮ ಊರುಗಳಲ್ಲಿ ಗಾಳ ಹಾಕುವುದೆಂದರೆ ಒಂದು ಬಿದಿರ ಕಡ್ಡಿ, ಒಂದಷ್ಟು ದಾರ, ನಾಲ್ಕು ಎರೆಹುಳು, ಇಷ್ಟೇ. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಅಂಗಡಿಯ ಗೋಡೆಯುದ್ದಕ್ಕೂ ನೂರಾರು ಕೋಲುಗಳನ್ನು ನಿಲ್ಲಿಸಿರುತ್ತಾರೆ. ಟೆಕ್ಸಾಸ್ ರಾಜ್ಯದ ಡಲ್ಲಾಸಿನಲ್ಲಿ ನೆಲೆಸಿರುವ ನಾನು ಅಂಥ ಒಂದು ಗೋಡೆಯ ಮುಂದೆ ತಬ್ಬಿಬ್ಬಾಗಿ ನಿಂತದ್ದು ನನಗಾಗಿ ಅಲ್ಲ, ನಮ್ಮ ಮಾವನವರಿಗಾಗಿ.

ಮಾವನವರು ಮಂಡ್ಯದ ಕಡೆಯವರು. ಹುಡುಗರಾಗಿದ್ದಾಗ ವಿಶ್ವೇಶ್ವರಯ್ಯ ನಾಲೆಯ ದಡದಲ್ಲಿ ಗಾಳ ಹಿಡಿದು ಕೂತವರು. ಆರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಾಗ ಅವರಿಗೆ ಎಪ್ಪತ್ತೊಂದು ವರ್ಷ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿಕೊಂಡಿತ್ತು, ಹಿಡಿತ ಮಾತ್ರ ಮೊದಲಿನಂತೆ ಬರಲಿಲ್ಲ. ನಾವಿಬ್ಬರೂ ಕೆಲಸಕ್ಕೆ ಹೋದರೆ ಅವರಿಗೆ ಮಾತಾಡಲು ಜನವಿಲ್ಲ, ನಡೆದು ಹೋಗಲು ಒಂದು ಅಂಗಡಿಯಿಲ್ಲ. ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದರು. "ಇಲ್ಲಿ ಕೆರೆಗಿರೆ ಇಲ್ಲವೇ, ಅಳಿಯಂದ್ರೆ?" ಎಂದು ಒಂದು ದಿನ ಅವರೇ ಕೇಳಿದರು.

ಇದೆ. ಡಲ್ಲಾಸಿನಿಂದ ಪೂರ್ವಕ್ಕೆ ಸುಮಾರು ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಲೇಕ್ ಫೋರ್ಕ್ ಎಂಬ ಜಲಾಶಯ ಸಿಗುತ್ತದೆ. ಬ್ಯಾಸ್ ಎಂಬ ಮೀನಿಗೆ ಅದು ಹೆಸರುವಾಸಿ. ಬ್ಯಾಸ್‌ಗಳಲ್ಲಿ ಅಗಲವಾದ ಬಾಯಿಯ ಜಾತಿಯೇ ಅಲ್ಲಿ ಮುಖ್ಯ. ಸಾಮಾನ್ಯವಾಗಿ ಸಿಗುವುದು ಒಂದು ಕಿಲೋ, ಒಂದೂವರೆ ಕಿಲೋ. ದಾಖಲೆಯ ಮೀನು ಬೇರೆಯೇ ಮಾತು: 1932ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ್‍ರಿ ಎಂಬಾತ ಹಿಡಿದದ್ದು ಹತ್ತು ಕಿಲೋ ದಾಟಿತ್ತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದಕ್ಕೆ ಸರಿಸಾಟಿಯೊಂದು ಸಿಕ್ಕಿತು.

ಮಾವನವರ ಕೈಗೆ ಭಾರವಾಗಬಾರದೆಂದು ನಾನು ಅಂಗಡಿಗೆ ಹೋಗಿ 'ಲೈಟ್' ಎಂದು ಬರೆದಿದ್ದ ಕೋಲನ್ನೇ ಕೊಂಡು ತಂದೆ. ನಾನು ಮಾಡಿದ ತಪ್ಪು ಅದೇ. ಕೋಲಿನ ಮೇಲಿನ ಲೈಟ್, ಮೀಡಿಯಂ, ಹೆವಿ ಎಂಬ ಮಾತುಗಳು ಅದರ ತೂಕವನ್ನು ಹೇಳುವುದೇ ಇಲ್ಲ. ಬಗ್ಗಿಸಲು ಎಷ್ಟು ಬಲ ಬೇಕು ಎಂಬುದನ್ನು ಹೇಳುತ್ತವೆ. ಲೈಟ್ ಕೋಲು ಬೇಗ ಬಳುಕುತ್ತದೆ, ಸಣ್ಣ ಮೀನಿಗೆ ಸರಿ. ಲೇಕ್ ಫೋರ್ಕಿನ ನೀರಿನೊಳಗೆ ಮುಳುಗಡೆಯಾದ ಕಾಡಿನ ಮರಗಳು ಇನ್ನೂ ನಿಂತಿವೆ. ಮಾವನವರ ಗಾಳಕ್ಕೆ ಬಿದ್ದ ಮೊದಲ ಬ್ಯಾಸ್ ನೇರವಾಗಿ ಆ ಮರಗಳೊಳಗೆ ನುಗ್ಗಿತು. ಕೋಲು ಬಿಲ್ಲಿನಂತೆ ಬಾಗಿತೇ ಹೊರತು ಮೀನನ್ನು ತಿರುಗಿಸಲಿಲ್ಲ. ದಾರ ತುಂಡಾಯಿತು. ಅವರು ಏನೂ ಹೇಳಲಿಲ್ಲ, ಬಲಗೈಯನ್ನು ಎಡಗೈಯಿಂದ ನೀವಿಕೊಂಡರು. ಮುಂದಿನ ಶನಿವಾರ ಕರೆದರೆ, "ಬೇಡ ಬಿಡಿ, ಕೈಗೆ ಆಗೋದಿಲ್ಲ" ಎಂದರು.

ಇನ್ನೊಂದು ತೊಡಕೂ ಇದೆ. ಬಲವಿಲ್ಲದ ಕೋಲಿನಲ್ಲಿ ಮೀನನ್ನು ಬಹಳ ಹೊತ್ತು ಆಡಿಸಬೇಕಾಗುತ್ತದೆ. ಲೇಕ್ ಫೋರ್ಕಿನಲ್ಲಿ 16ರಿಂದ 24 ಅಂಗುಲದವರೆಗಿನ ಬ್ಯಾಸ್‌ಗಳನ್ನು ನೀರಿಗೇ ಬಿಡಬೇಕೆಂಬುದು ನಿಯಮ. ಬೇಸಿಗೆಯ ಬಿಸಿನೀರಿನಲ್ಲಿ ದಣಿದು ಸುಸ್ತಾದ ಮೀನನ್ನು ಬಿಟ್ಟರೂ ಅದು ಬದುಕುವ ಭರವಸೆ ಕಡಿಮೆ.

ಎರಡನೆಯ ಸಲ ಮಾವನವರನ್ನೇ ಅಂಗಡಿಗೆ ಕರೆದುಕೊಂಡು ಹೋದೆ. ಕೊನೆಗೆ ಎರಡು ಕೋಲುಗಳು ಉಳಿದವು. ಎರಡೂ ಕಾರ್ಬನ್ ನಾರಿನವು, ಎರಡೂ ಮೀಡಿಯಂ ಬಲದವು. ಬಿದಿರಿನ ಕಾಲ ಮುಗಿದು, ಗಾಜಿನ ನಾರಿನ ಕೋಲು ಬಂದು, 1970ರ ದಶಕದಲ್ಲಿ ಕಾರ್ಬನ್ ಬಂದ ಮೇಲೆ ಕೋಲುಗಳ ತೂಕ ತೀರ ಇಳಿದುಹೋಗಿದೆ. ಒಂದು ಕೋಲು ಏಳು ಅಡಿ ಮೂರು ಅಂಗುಲ, ತೂಕ 95 ಗ್ರಾಂ. ಇನ್ನೊಂದು ಆರೂವರೆ ಅಡಿ, ತೂಕ 110 ಗ್ರಾಂ. ಚೀಟಿಯನ್ನು ನಂಬುವುದಾದರೆ ಮೊದಲನೆಯದನ್ನೇ ಕೊಳ್ಳಬೇಕು. ನಾನು ಅದನ್ನೇ ಕೈಗೆತ್ತಿಕೊಂಡೆ.

ಮಾವನವರು ಎರಡಕ್ಕೂ ರೀಲು ಹಾಕಿಸಿದರು. ರೀಲಿಲ್ಲದೆ ಕೋಲನ್ನು ನೋಡುವುದು ಮೂಗುದಾರವಿಲ್ಲದೆ ಎತ್ತು ನೋಡಿದ ಹಾಗೆ ಎಂಬುದು ಅವರ ಮಾತು. ಆಮೇಲೆ ಒಂದೊಂದನ್ನೂ ರೀಲಿನ ಮುಂಭಾಗದಲ್ಲಿ ಒಂದೇ ಬೆರಳ ಮೇಲೆ ನಿಲ್ಲಿಸಿ ನೋಡಿದರು. 95 ಗ್ರಾಮಿನ ಕೋಲಿನ ತುದಿ ನೆಲದ ಕಡೆಗೆ ವಾಲಿತು. 110 ಗ್ರಾಮಿನದು ಅಲುಗದೆ ನಿಂತಿತು. "ಇದು ಏತದ ಲೆಕ್ಕ, ಅಳಿಯಂದ್ರೆ" ಎಂದು ನಕ್ಕರು.

ಏತ ಕಂಡವರಿಗೆ ಇದು ತಕ್ಷಣ ತಿಳಿಯುತ್ತದೆ. ಕೈಯಿಂದ ಆರು ಅಡಿ ದೂರದ ತುದಿಯಲ್ಲಿ ಹತ್ತು ಗ್ರಾಂ ಹೆಚ್ಚಿದ್ದರೆ, ಅದನ್ನು ಸರಿದೂಗಿಸಲು ಕೈಯಿಂದ ಒಂದು ಅಡಿ ಹಿಂದೆ ಅರವತ್ತು ಗ್ರಾಂ ಇಡಬೇಕು. ಇಡದಿದ್ದರೆ ಆ ಭಾರವನ್ನು ಮಣಿಕಟ್ಟೇ ಹೊರಬೇಕು, ಅದೂ ಬೆಳಗಿನಿಂದ ಮಧ್ಯಾಹ್ನದವರೆಗೆ. ಹಿಡಿಯ ಹಿಂಬದಿಗೆ ತೂಕದ ಬಿಲ್ಲೆ ಸಿಕ್ಕಿಸಿ ಸರಿಮಾಡುವವರೂ ಇದ್ದಾರೆ. ಕೋಲನ್ನು ಸುಮ್ಮನೆ ಹಿಡಿದು ನಿಲ್ಲಲು ಅದು ನೆರವಾದೀತು. ಬೀಸಿ ಎಸೆಯುವಾಗ ತುದಿಯ ಭಾರ ತುದಿಯಲ್ಲೇ ಇರುತ್ತದೆ, ಬಿಲ್ಲೆ ಅದನ್ನು ಕಡಿಮೆ ಮಾಡುವುದಿಲ್ಲ. ಆದ್ದರಿಂದ ಕೋಲಿನ ತುದಿಯ ಕಡೆ ದಾರ ಹಾಯುವ ಉಂಗುರಗಳು ಚಿಕ್ಕವಾಗಿ, ತೆಳುವಾಗಿ ಇವೆಯೇ ಎಂದು ನೋಡುವುದು ಒಳ್ಳೆಯದು. ಕೈ ಸೋತವರು ಉದ್ದದಲ್ಲಿ ಅರ್ಧ ಅಡಿ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಎಸೆತ ನಾಲ್ಕು ಮಾರು ಕಡಿಮೆಯಾದೀತು, ಅಷ್ಟೇ.

ಹಿಡಿಯ ಹತ್ತಿರ ಇನ್ನೊಂದು ಬರಹವಿರುತ್ತದೆ, ಎಷ್ಟು ತೂಕದ ಹುಸಿ ಹುಳುವನ್ನು ಎಸೆಯಬಹುದು ಎಂದು. ಔನ್ಸಿನ ಲೆಕ್ಕ ಅದು, ಒಂದು ಔನ್ಸ್ ಎಂದರೆ 28 ಗ್ರಾಂ ಚಿಲ್ಲರೆ. ನಾವು ಕೊಂಡ ಕೋಲಿನ ಮಿತಿ ಏಳರಿಂದ ಹದಿನೆಂಟು ಗ್ರಾಂ. ಅದಕ್ಕಿಂತ ಕಡಿಮೆಯದನ್ನು ಎಸೆಯಲು ಹೋದರೆ ಕೋಲು ಬಾಗುವುದಿಲ್ಲ, ಕೈಯೇ ಎಲ್ಲ ಕೆಲಸ ಮಾಡಬೇಕಾಗುತ್ತದೆ.

ಕಾರ್ಬನ್ ಕೋಲು ತುಂಬ ಹಗುರವಾದಷ್ಟೂ ಏಟಿಗೆ ನಾಜೂಕು. ದೋಣಿಯ ಅಂಚಿಗೆ ಒಂದು ಸಲ ಬಡಿದರೆ ಕಣ್ಣಿಗೆ ಕಾಣದ ಪೆಟ್ಟಾಗಿ, ಇನ್ನೊಂದು ದಿನ ಸಣ್ಣ ಮೀನಿಗೇ ಮುರಿಯಬಹುದು. ಕಾರಿನ ಬಾಗಿಲಿಗೆ ಸಿಕ್ಕಿ ತುಂಡಾದ ನನ್ನ ಸ್ವಂತ ಕೋಲುಗಳು ಎರಡು. ಇದಕ್ಕಿಂತ ಮುಖ್ಯವಾದದ್ದು, ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದ ಕೂಡಲೇ ಕೋಲು ಕೆಳಗಿಟ್ಟು ದಡ ಸೇರಬೇಕು. ವಿದ್ಯುತ್ ತಂತಿಯ ಕೆಳಗೆ ಅದನ್ನು ಎತ್ತಿ ಹಿಡಿಯಲೇಬಾರದು.

ಅಕ್ಟೋಬರಿನ ಒಂದು ಬೆಳಿಗ್ಗೆ ಮಾವನವರು ಅದೇ ಮರಗಳ ಪಕ್ಕದಲ್ಲಿ ಗಾಳ ಎಸೆದರು. ಮೀನು ಕಚ್ಚಿತು, ಮರದ ಕಡೆಗೆ ತಿರುಗಿತು. ಈ ಸಲ ಕೋಲು ಬಾಗಿ, ಅಲ್ಲಿಯೇ ತಡೆದು ನಿಂತಿತು. ಎರಡೇ ನಿಮಿಷದಲ್ಲಿ ಮೀನು ದೋಣಿಯ ಪಕ್ಕಕ್ಕೆ ಬಂತು. ಅಳತೆಪಟ್ಟಿಯ ಮೇಲೆ ಇಟ್ಟು ನೋಡಿದರೆ ಹದಿನೆಂಟು ಅಂಗುಲ. ಬಿಡಬೇಕು ಎಂದೆ. "ಊರಲ್ಲಾಗಿದ್ದರೆ ಸಾರಾಗ್ತಿತ್ತು" ಎಂದು ಗೊಣಗುತ್ತಲೇ, ಎರಡೂ ಕೈಯಲ್ಲಿ ಹಿಡಿದು ಅದನ್ನು ನೀರಿಗೆ ಇಳಿಬಿಟ್ಟರು. ಕೈ ನೋಯುತ್ತಿದೆಯೇ ಎಂದು ಕೇಳಿದೆ. ಅವರು ಆಗಲೇ ಮತ್ತೆ ಹುಳು ಸಿಕ್ಕಿಸುತ್ತಿದ್ದರು.

ಆ ಕೋಲು ಈಗ ನಮ್ಮ ಗ್ಯಾರೇಜಿನ ಗೋಡೆಯ ಮೇಲಿದೆ. ಮುಂದಿನ ಸಲ ಬರುವುದರೊಳಗೆ ದಾರ ಬದಲಾಯಿಸಿಡಿ ಎಂದು ಮಾವನವರು ಹೇಳಿ ಹೋಗಿದ್ದಾರೆ.