ಕೋವಿಯ ಲೆಕ್ಕ, ಕಾಡಿನ ಲೆಕ್ಕ

(ಧಾರವಾಡದಲ್ಲಿ ಮಲೆನಾಡ ಸೆರಗಿನ ರೈತರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಮನೆಯಲ್ಲಿರುವ ಕೋವಿಯನ್ನು ಸರಕಾರಿ ದಫ್ತರದಲ್ಲಿ ಬರೆಯಿಸಬೇಕೆಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅನುಮಾನ ಹುಟ್ಟಿಸುತ್ತದೆ. ಆ ಅನುಮಾನದ ಬೇರು ಹಳೆಯದು. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ಒಪ್ಪಲಿಲ್ಲ. ಬೇಟೆ, ಕಾವಲು ಎರಡಕ್ಕೂ ಆಯುಧವೇ ಅವರಿಗೆ ಆಧಾರ. ಲೆಕ್ಕ ಕೇಳುವವರು ನಾಳೆ ಕಸಿದುಕೊಳ್ಳುವವರೆಂದು ಅವರು ತಿಳಿದರು. ತಿಳಿದದ್ದು ತಪ್ಪೇನೂ ಆಗಿರಲಿಲ್ಲ. ನವೆಂಬರ್ ಕೊನೆಗೆ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿ ಗಲ್ಲಿಗೇರಿದರು. ಜನ ಇದನ್ನು ಲಾವಣಿಯಲ್ಲಿ ಉಳಿಸಿಕೊಂಡರು.

ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಒಡೆತನವುಳ್ಳವರಿಗೂ ಬ್ರಿಟಿಷರ ಕಾಲದಿಂದಲೇ ಪರವಾನಗಿಯಿಂದ ವಿನಾಯಿತಿಯುಂಟು. ಕೇಂದ್ರ ಸರಕಾರ 2019ರಲ್ಲಿ ಅದನ್ನು ಹತ್ತು ವರ್ಷಗಳಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕಲಘಟಗಿಯ ರೈತನಿಗೆ ಆ ವಿನಾಯಿತಿ ಇಲ್ಲ. ಕಾಡುಹಂದಿ ಮಾತ್ರ ಎರಡೂ ಕಡೆ ಒಂದೇ.

ಗೋವಿನಜೋಳದ ತೆನೆ ಹಾಲುಗಾಳಿನ ಹಂತಕ್ಕೆ ಬಂದಾಗ ಹಂದಿಯ ಹಿಂಡು ಒಂದು ಇರುಳು ನುಗ್ಗಿದರೆ ತಿನ್ನುವುದಕ್ಕಿಂತ ಕೆಡವಿ ತುಳಿಯುವುದೇ ಹೆಚ್ಚು. ಆ ಹಂತದಲ್ಲಿ ಮುರಿದ ದಂಟು ಮತ್ತೆ ತೆನೆ ಕಟ್ಟುವುದಿಲ್ಲ. ಮೂರು ತಿಂಗಳ ದುಡಿಮೆ ಕಳೆದುಕೊಂಡವನಿಗೆ ಕಾಯಿದೆಯ ಪಾಠ ಹೇಳುವುದು ಸುಲಭವಲ್ಲ. ಆದರೂ ಹೇಳಬೇಕಾಗಿದೆ, ಏಕೆಂದರೆ ಆ ಕಾಯಿದೆಯಲ್ಲಿ ಅವನ ಪರವಾದ ಮಾತೂ ಇದೆ. 1959ರ ಆಯುಧ ಕಾಯಿದೆಯ 13ನೆಯ ಕಲಮು, ನಿಜವಾದ ಬೆಳೆರಕ್ಷಣೆಗೆ ಕೇಪಿನ ಕೋವಿ, ಅಂದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿ, ಕೇಳಿದವನಿಗೆ ಪರವಾನಗಿ ಕೊಡತಕ್ಕದ್ದೆಂದು ಹೇಳುತ್ತದೆ. ನಿರಾಕರಿಸಬೇಕಾದರೆ ಕಾಯಿದೆಯೊಳಗಿನ ಕಾರಣ ಬೇಕು. ಹುಬ್ಬಳ್ಳಿ–ಧಾರವಾಡ ನಗರದ ಎಲ್ಲೆಯೊಳಗೆ ಪೊಲೀಸ್ ಆಯುಕ್ತರು, ಹೊರಗಿನ ತಾಲೂಕುಗಳಿಗೆ ಜಿಲ್ಲಾಧಿಕಾರಿಗಳು ಇದನ್ನು ಕೊಡುವವರು. ಅರ್ಜಿ ಹಿಡಿದು ಮೂರು ಕಚೇರಿಗೆ ಅಲೆಸಿದರೆ ರೈತ ನಾಲ್ಕನೆಯದಕ್ಕೆ ಹೋಗುವುದಿಲ್ಲವೆಂಬುದನ್ನು ಆಡಳಿತವೂ ಅರಿಯಬೇಕು.

ಪರವಾನಗಿಯಿಲ್ಲದ ಕೋವಿಗಳೆಲ್ಲ ಕಳ್ಳಬೇಟೆಯವರವಲ್ಲ. ತಂದೆಯ ಹೆಸರಿನ ಕೋವಿ ತಂದೆ ತೀರಿದ ಮೇಲೆ ಅಟ್ಟದಲ್ಲಿ ಉಳಿದಿರುತ್ತದೆ. ಪರವಾನಗಿ ಆಸ್ತಿಯಂತೆ ಮಗನಿಗೆ ತಾನಾಗಿ ಇಳಿಯುವುದಿಲ್ಲ. ಕೋವಿಯನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲಿಟ್ಟು, ವಾರಸುದಾರ ತನ್ನ ಹೆಸರಿಗೆ ಅರ್ಜಿ ಕೊಡಬೇಕು. 2016ರ ನಿಯಮಗಳಲ್ಲಿ ಅದಕ್ಕೆ ಅವಕಾಶವಿದೆ. ಸುಮ್ಮನಿದ್ದರೆ, 2019ರ ತಿದ್ದುಪಡಿಯ ಬಳಿಕ ಪರವಾನಗಿಯಿಲ್ಲದೆ ಇಟ್ಟುಕೊಂಡುದಕ್ಕೆ ಎರಡರಿಂದ ಐದು ವರ್ಷ ಸೆರೆಮನೆ.

ಪರವಾನಗಿ ಸಿಕ್ಕಿತೆಂದು ಹಂದಿಯನ್ನು ಹೊಡೆಯುವ ಹಕ್ಕೂ ಸಿಕ್ಕಿತೆಂದು ಭಾವಿಸಬಾರದು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ವಿಷಯ. ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆಯೇ ಬೇಕು. ಆಕಾಶಕ್ಕೆ ಹಾರಿಸಿದ ಸದ್ದಿಗೆ ಹಿಂಡು ಓಡುತ್ತದೆ, ಆ ಇರುಳಿನ ಮಟ್ಟಿಗೆ. ಅದೇ ಕಾಯಿದೆಯ 34ನೆಯ ಕಲಮಿನಂತೆ, ಅಭಯಾರಣ್ಯದಿಂದ ಹತ್ತು ಕಿಲೋಮೀಟರಿನೊಳಗೆ ವಾಸಿಸುವ ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿಯೂ ಹೆಸರು ನೋಂದಾಯಿಸಬೇಕು, ಮತ್ತು ಅಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಸಮ್ಮತಿ ಬೇಕು. ದಾಂಡೇಲಿಯ ಸುತ್ತಲಿನ ಊರುಗಳಿಗೆ ಇದು ಅನ್ವಯಿಸುತ್ತದೆ.

ಎರಡನೆಯ ಈ ನೋಂದಣಿ ಅತಿಯಾಯಿತೆಂಬ ದೂರು ಇದೆ. ಕಾಡಿನ ಕಡೆಯಿಂದ ನೋಡಿದರೆ ಹಾಗಲ್ಲ. ಲೆಕ್ಕಕ್ಕೆ ಸಿಕ್ಕದ ಕೋವಿ ಹಂದಿಗೆಂದು ಹೊರಟು ಕಡವೆಯ ಮೇಲೆ ತಿರುಗುತ್ತದೆ. ಸೊಪ್ಪಿಗೆ ಹೋದ ನೆರೆಯವನ ಎದೆಗೂ ತಗಲುತ್ತದೆ. ಆಗ ಗುಂಡು ಯಾರದೆಂದು ಹೇಳುವವರಿರುವುದಿಲ್ಲ. ಸಿಡಿಮದ್ದಂತೂ ಇನ್ನೂ ಕೇಡು, ಕಚ್ಚಿದ ಹಸುವಿನ ದವಡೆಯೇ ಒಡೆಯುತ್ತದೆ.

ಅರ್ಜಿ ಬರೆಯುವವರು ಸರ್ವೆ ನಂಬರು, ಬೆಳೆ, ಹಾನಿಯಾದ ದಿನಾಂಕಗಳನ್ನು ಬರೆದು, ಅರಣ್ಯ ಇಲಾಖೆಗೆ ಬೆಳೆಹಾನಿ ಪರಿಹಾರ ಕೇಳಿದ ಅರ್ಜಿಯ ಪ್ರತಿಯನ್ನೂ ಲಗತ್ತಿಸಬೇಕು. ಇಲ್ಲಿರುವ ವಿದ್ಯಾರ್ಥಿಗಳು ಮುಂದಿನ ಸುಗ್ಗಿಯೊಳಗೆ ತಮ್ಮ ತಮ್ಮ ಊರಿನಲ್ಲಿ ಇಂಥ ಹತ್ತು ಅರ್ಜಿ ಬರೆದುಕೊಡಬಲ್ಲರು.