ಬಿಟ್ಟು ಬಾರದ ವೀರ

(ಮೇಜರ್ ಸೋಮನಾಥ ಶರ್ಮಾ ಅವರ ಸ್ಮರಣದಿನದಂದು ಮಾಡಿದ ಭಾಷಣ)



ಕನ್ನಡನಾಡು ಒಂದುಗೂಡಿದ ಸಂಭ್ರಮವನ್ನು ನಾವು ನವೆಂಬರ 1ರಂದು ಆಚರಿಸುತ್ತೇವೆ. ಎರಡು ದಿನ ಕಳೆದರೆ ಮೇಜರ್ ಸೋಮನಾಥ ಶರ್ಮಾ ಅವರು ರಣದಲ್ಲಿ ದೇಹವಿಟ್ಟ ದಿನವು ಬರುತ್ತದೆ. ಸ್ವತಂತ್ರ ಭಾರತದ ಪ್ರಥಮ ಪರಮವೀರ ಚಕ್ರವು ಇವರಿಗೆ ಸಂದಿತೆಂಬುದನ್ನು ಶಾಲೆಯ ಬಾಲಕರೂ ಬಲ್ಲರು. ಆದರೆ ಪದಕದ ಹೆಸರನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ವೀರನನ್ನು ಸ್ಮರಿಸಿದಂತಾಗಲಾರದು. ಆ ಶೌರ್ಯವು ಯಾವ ಗುಣದಿಂದ ಹುಟ್ಟಿತೆಂಬುದನ್ನು ಅರಿಯಬೇಕು.

ಸೋಮನಾಥರು 1923ರ ಜನವರಿ 31ರಂದು ಕಾಂಗಡಾ ಸೀಮೆಯಲ್ಲಿ ಜನಿಸಿದರು. ತಂದೆಯವರು ಸೈನ್ಯದಲ್ಲಿ ವೈದ್ಯರು. 1942ರಲ್ಲಿ ಇವರು ಹೈದರಾಬಾದ ರೆಜಿಮೆಂಟನ್ನು ಸೇರಿದರು. 1945ರಲ್ಲಿ ಅದಕ್ಕೆ ಕುಮಾವೂನ್ ರೆಜಿಮೆಂಟೆಂದು ಹೆಸರಾಯಿತು. ಬರ್ಮಾದ ಅರಾಕಾನ ಯುದ್ಧದಲ್ಲಿ ಈ ತರುಣನ ಮೇಲಧಿಕಾರಿಗಳಾಗಿದ್ದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯನವರು. ಅಲ್ಲಿ ಗಾಯಗೊಂಡು ನಡೆಯಲಾರದ ತಮ್ಮ ಆರ್ಡರ್ಲಿಯನ್ನು ಸೋಮನಾಥರು ಹೆಗಲ ಮೇಲೆ ಹೊತ್ತು ಬರುತ್ತಿದ್ದರಂತೆ. ಹಿಂದೆ ಬಿದ್ದುದನ್ನು ಕಂಡ ತಿಮ್ಮಯ್ಯನವರು, ಅವನನ್ನು ಬಿಟ್ಟು ಬೇಗನೆ ಬರುವಂತೆ ಆಜ್ಞಾಪಿಸಿದರು. ಸೋಮನಾಥರು ಒಪ್ಪಲಿಲ್ಲ, ಹೊತ್ತುಕೊಂಡೇ ಶಿಬಿರ ಸೇರಿದರು. ಆ ಸಿಪಾಯಿಯ ಪ್ರಾಣವುಳಿಯಿತು.

1947ರ ಅಕ್ಟೋಬರದಲ್ಲಿ ದಾಳಿಕೋರರು ಕಾಶ್ಮೀರವನ್ನು ನುಗ್ಗಿದಾಗ ಸೋಮನಾಥರ ತುಕಡಿಗೆ ಕರೆ ಬಂದಿತು. ಹಾಕಿ ಆಟದಲ್ಲಿ ಪೆಟ್ಟು ತಗಲಿ ಅವರ ಎಡಗೈ ಪ್ಲಾಸ್ಟರಿನಲ್ಲಿತ್ತು. ಹಿಂದುಳಿಯಲು ಸಕಾರಣವಿತ್ತು, ಆದರೂ ತಮ್ಮವರೊಡನೆ ಹೋಗಲೇಬೇಕೆಂದು ಹಟ ಹಿಡಿದು ವಿಮಾನವೇರಿದರು.

ನವೆಂಬರ 3ರಂದು ಶ್ರೀನಗರದ ವಿಮಾನನಿಲ್ದಾಣಕ್ಕೆ ಸಮೀಪದ ಬಡಗಾಮದಲ್ಲಿ, ತಮಗಿಂತ ಏಳುಪಟ್ಟು ಹೆಚ್ಚಾದ ಶತ್ರುಗಳು ಈ ತುಕಡಿಯ ಮೇಲೆ ಬಿದ್ದರು. ನಮ್ಮ ಸೈನ್ಯವು ಇಳಿಯುತ್ತಿದ್ದುದೇ ಆ ನಿಲ್ದಾಣದಲ್ಲಿ. ಅದು ಕೈಬಿಟ್ಟರೆ ಶ್ರೀನಗರವು ಕೈಬಿಟ್ಟಂತೆಯೇ. ಒಂದೇ ಕೈಯ ಬಲದಿಂದ ಸೋಮನಾಥರು ಗುಂಡಿನ ಮಳೆಯಲ್ಲಿ ಓಡಾಡಿ, ಜವಾನರಿಗೆ ಧೈರ್ಯ ಹೇಳುತ್ತ, ಮದ್ದುಗುಂಡು ತುಂಬಿಕೊಡುತ್ತಿದ್ದರು. ಶತ್ರುಗಳು ಕೇವಲ 50 ಗಜ ದೂರದಲ್ಲಿರುವರೆಂದೂ, ತಾವು ಅಂಗುಲವೂ ಹಿಂದೆ ಸರಿಯೆವೆಂದೂ ವರದಿ ಕಳಿಸಿದರು. ಕೆಲಹೊತ್ತಿನಲ್ಲಿಯೇ ಮಾರ್ಟರ್ ಗುಂಡೊಂದು ಹತ್ತಿರದಲ್ಲಿ ಸಿಡಿದು ಅವರು ಗತಪ್ರಾಣರಾದರು. ಆಗ ಅವರ ವಯಸ್ಸು 24.

ನಾಯಕನು ಬಿದ್ದ ಮೇಲೂ ಆ ಜವಾನರು ಕಾದಾಡಿದರು. ಅವರಲ್ಲಿ 20ಕ್ಕೂ ಮಿಕ್ಕ ಜನರು ಅಲ್ಲಿಯೇ ಮಡಿದರು. ವಿಮಾನನಿಲ್ದಾಣವುಳಿಯಿತು, ನವೆಂಬರ 7ರಂದು ಶಾಲಟೆಂಗದಲ್ಲಿ ದಾಳಿಕೋರರು ಸೋತೋಡಿದರು. ಸೋಮನಾಥರ ಕಳೇಬರವು ದೊರೆತಾಗ ಎದೆಯ ಜೇಬಿನಲ್ಲಿದ್ದ ಭಗವದ್ಗೀತೆಯ ಕೆಲವು ಹಾಳೆಗಳಿಂದ ಅದರ ಗುರುತು ಹತ್ತಿತು.

ಅರಾಕಾನದಲ್ಲಿ ಗಾಯಾಳುವನ್ನು ಬಿಡಲಿಲ್ಲ. ಕೈಮುರಿದಾಗ ಸಂಗಡಿಗರನ್ನು ಬಿಡಲಿಲ್ಲ. ಬಡಗಾಮದಲ್ಲಿ ಒಪ್ಪಿಸಿದ ನೆಲವನ್ನು ಬಿಡಲಿಲ್ಲ. ಅವರು ಯಾರನ್ನೂ ಬಿಡಲಿಲ್ಲವಾದುದರಿಂದಲೇ ಅವರ ಜನರೂ ಅವರನ್ನು ಬಿಡಲಿಲ್ಲ. ಶೌರ್ಯದ ಬೇರು ಇರುವದು ಇಲ್ಲಿಯೇ.

ಅದೇ 1947ರಲ್ಲಿ ಕನ್ನಡಿಗರು ಮುಂಬಯಿ, ಮದರಾಸು, ಹೈದರಾಬಾದ, ಮೈಸೂರು, ಕೊಡಗುಗಳಲ್ಲಿ ಹಂಚಿಹೋಗಿದ್ದರು. ಒಬ್ಬರನ್ನು ಬಿಟ್ಟು ಒಬ್ಬರು ದಡ ಸೇರಲೊಲ್ಲೆವೆಂಬ ಹಟದಿಂದಲೇ 1956ರ ಏಕೀಕರಣವು ಕೈಗೂಡಿತು. ಕಾಂಗಡಾದ ಈ ತರುಣನ ಕಥೆಯು ನಮಗೆ ಪರಕೀಯವೆನಿಸದಿರುವದಕ್ಕೆ ಇದೂ ಒಂದು ಕಾರಣವು.

ಶಿಕ್ಷಕ ಬಂಧುಗಳಲ್ಲಿ ಒಂದು ಬಿನ್ನಹ. ಈ ಪಾಠವನ್ನು ಹೇಳುವಾಗ ಸೋಮನಾಥರ ಹೆಸರಿನೊಡನೆ ಬಡಗಾಮದಲ್ಲಿ ಮಡಿದ ಜವಾನರನ್ನೂ ನೆನೆಯಿರಿ. ಅವರನ್ನು ಬಿಟ್ಟು ಬರಲು ಸೋಮನಾಥರೇ ಒಪ್ಪುತ್ತಿರಲಿಲ್ಲ.